ಇನ್ನೊಂದು ಸುತ್ತು

ಆ ಕಿಂಡಿಗೆ ಉಣ್ಣೆಯ ಚೂರು ತುರುಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಹೇಳುತ್ತಾ ಹೇಳುತ್ತಾ ಲಾಂಡ್ರಿಯವನ ಮೇಲೆ, ಬಡಗಿಯ ಮೇಲೆ, ಕೊನೆಗೆ ಚಳಿಯ ಮೇಲೂ ಗೂಬೆ ಕೂರಿಸಲು ನೋಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಗಡಿಯಾರ ರಿಪೇರಿ ಮಾಡುವವನು. ಗಿರಾಕಿ ಗಡಿಯಾರವನ್ನು ಮೇಜಿನ ಮೇಲೆ ಇಡುತ್ತಿದ್ದಂತೆ, ಮುಚ್ಚಳ ತೆಗೆಯುವ ಮೊದಲೇ, ಅದು ಹಿಂದೆ ಬೀಳುತ್ತಿದೆಯೋ ಮುಂದೆ ಓಡುತ್ತಿದೆಯೋ ಹೇಳಬಲ್ಲೆ. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತದೆ. ಉಳಿದ ಎರಡು ಸಲ ಗಿರಾಕಿಯದೇ ತಪ್ಪು ಎಂದು ವಾದಕ್ಕೆ ನಿಲ್ಲುತ್ತೇನೆ. ಇಂಥ ಕಿವಿ ಇರುವವನ ಜೊತೆ ಬದುಕುವುದು ಸುಲಭವಲ್ಲ. ನಲ್ಲಿ ತೊಟ್ಟಿಕ್ಕಿದರೆ ನನಗೆ ನಿದ್ದೆ ಹತ್ತುವುದಿಲ್ಲ, ಪಕ್ಕದ ಮನೆಯವರು ಚಪ್ಪಲಿ ಎಳೆದುಕೊಂಡು ನಡೆದರೆ ಮೈ ಉರಿಯುತ್ತದೆ. "ಇದಕ್ಕಿಂತ ಕಿವುಡನನ್ನ ಮದುವೆ ಆಗಿದ್ರೆ ಸುಖವಾಗಿರ್ತಿದ್ದೆ" ಎಂದು ನನ್ನ ಹೆಂಡತಿ ವಾರಕ್ಕೊಮ್ಮೆಯಾದರೂ ಹೇಳುತ್ತಾಳೆ.

ಆ ಕಿವಿಗೆ ಸುಖ ಸಿಗುತ್ತಿದ್ದದ್ದು ಒಂದೇ ಕಡೆ, ಕಣ್ಣೆದುರು ನುಡಿಸುವ ಜಾಝ್‌ನಲ್ಲಿ. ನಮ್ಮ ಊರಿನಲ್ಲಿ ಅದಕ್ಕೆ ಮೂರು ಜಾಗಗಳಿದ್ದವು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಜನ ಚಮಚ ಕುಟ್ಟುತ್ತಾ ತಿನ್ನುತ್ತಾರೆ, ಪಾಪ ಸ್ಯಾಕ್ಸೋಫೋನಿನವನು ಸೂಪಿನ ಬಟ್ಟಲುಗಳ ಜೊತೆ ಜಗಳ ಆಡಬೇಕು. ಕಾಲೇಜಿನ ಸಭಾಂಗಣದಲ್ಲಿ ಒಂದು ಸ್ವರ ನುಡಿಸಿದರೆ ಮೂರು ಕೇಳಿಸುತ್ತವೆ. ಮೂರನೆಯದು ಲಾಂಡ್ರಿಯ ಕೆಳಗಿನ ನೆಲಮಾಳಿಗೆ. ಮೂವತ್ತು ಕುರ್ಚಿ, ತಗ್ಗಾದ ಚಾವಣಿ, ಸೋಪಿನ ಪರಿಮಳ. ಭಾನುವಾರ ಲಾಂಡ್ರಿಗೆ ರಜೆ, ಯಂತ್ರಗಳು ಬಾಯಿ ಮುಚ್ಚಿಕೊಂಡಿರುತ್ತಿದ್ದವು. ಸಂಜೆ ನಾಲ್ಕರಿಂದ ಆರರವರೆಗೆ ಮೂರು ಜನ ನುಡಿಸುತ್ತಿದ್ದರು. ಪಿಯಾನೊಗೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ಆಳೆತ್ತರದ ತಂತಿವಾದ್ಯ ಬೇಸ್‌ಗೆ ಒಬ್ಬ ಬಡಗಿ, ಡ್ರಮ್ಸ್‌ಗೆ ನನ್ನ ತಂಗಿ.

ತಂಗಿ ವಾರದ ಆರು ದಿನ ಸಿಟಿ ಬಸ್ಸು ಓಡಿಸುತ್ತಾಳೆ. "ಆರು ದಿನ ಬ್ರೇಕ್ ತುಳೀತಾಳೆ, ಏಳನೇ ದಿನ ತಮಟೆ ಬಡೀತಾಳೆ" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅಪ್ಪ ಹೋದಾಗ ಅವಳಿಗೆ ಐದು. ಅಂಗಡಿಯ ಮೂಲೆಯಲ್ಲಿ ಕೂರಿಸಿದರೆ ಗೋಡೆ ಗಡಿಯಾರಗಳ ಸದ್ದಿಗೆ ಸರಿಯಾಗಿ ಸ್ಟೂಲಿನ ಮೇಲೆ ಬೆರಳು ಬಡಿಯುತ್ತಿದ್ದಳು. ತಪ್ಪಿದರೆ ನಾನು "ಊಂ" ಎನ್ನುತ್ತಿದ್ದೆ. ದೊಡ್ಡವಳಾದ ಮೇಲೂ ಆ ಚಾಳಿ ಬಿಡಲಿಲ್ಲ. ನೆಲಮಾಳಿಗೆಯಲ್ಲಿ ನನ್ನ ಕುರ್ಚಿ ಎರಡನೇ ಸಾಲಿನ ತುದಿಯಲ್ಲಿತ್ತು, ಅವಳಿಗೆ ನೇರ ಕಾಣುವ ಜಾಗ. ನುಡಿಸುತ್ತಾ ನುಡಿಸುತ್ತಾ ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ನಾನು ಹುಬ್ಬು ಗಂಟಿಕ್ಕಿದರೆ ಎಲ್ಲೋ ಲಯ ಜಾರಿದೆ ಎಂದರ್ಥ. ಸುಮ್ಮನೆ ಕೂತಿದ್ದರೆ ಎಲ್ಲವೂ ಸರಿ. ಅವಳ ಕಿವಿ ನನ್ನದಕ್ಕಿಂತ ಚುರುಕು, ಆದರೂ ಅವಳಿಗೆ ನಂಬಿಕೆ ಇದ್ದದ್ದು ನನ್ನದರ ಮೇಲೆ. ಇದರಿಂದ ನನಗೆ ಎಷ್ಟು ಜಂಬವಿತ್ತು ಎಂದು ಅವಳಿಗೆ ಯಾವತ್ತೂ ಹೇಳಲಿಲ್ಲ.

ಈ ಮೂವರದ್ದು ಒಂದು ಪದ್ಧತಿ ಇತ್ತು. ಜಾಝ್‌ನಲ್ಲಿ ಮೊದಲು ಹಾಡಿನ ಧಾಟಿ ನುಡಿಸುತ್ತಾರೆ, ಆಮೇಲೆ ಅದೇ ಚೌಕಟ್ಟಿನ ಮೇಲೆ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ನುಡಿಸುತ್ತಾ ಸುತ್ತು ಹಾಕುತ್ತಾರೆ. ಅಂಥ ಸುತ್ತಿನಲ್ಲಿ ಒಬ್ಬರು ಎಡವಿದರೆ ಉಳಿದಿಬ್ಬರು ನಿಲ್ಲುವುದಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ, ತಾವೂ ಬೇಕೆಂದೇ ಹಾಗೆ ಎಡವುತ್ತಾರೆ. ಮೇಷ್ಟ್ರು ತಪ್ಪು ಸ್ವರ ಒತ್ತಿದರೆ ಬಡಗಿ ಮರುಕ್ಷಣವೇ ಅದೇ ಸ್ವರವನ್ನು ಬೇಸ್‌ನಲ್ಲಿ ಮೀಟುತ್ತಾನೆ. ಬಡಗಿ ಅರ್ಧ ಹೆಜ್ಜೆ ತಡವಾದರೆ ತಂಗಿ ತಾನೂ ತಡವಾಗುತ್ತಾಳೆ. ಕೇಳುವವರಿಗೆ ಅದೇ ಸೊಗಸಾಗಿ ಕಾಣುತ್ತದೆ. "ಇಲ್ಲಿ ಯಾರೂ ಬೀಳಲ್ಲ. ಬಿದ್ರೆ ಮೂರೂ ಜನ ಬಗ್ಗಿದ ಹಾಗೆ ಕಾಣತ್ತೆ ಅಷ್ಟೆ" ಎನ್ನುತ್ತಿದ್ದರು ಮೇಷ್ಟ್ರು. ನಾನು ಅದನ್ನು ಕೇಳಿ ಕೇಳಿ ಹೊಸಬರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಹಾಡಿನ ನಡುವೆ ಏಳಬಾರದು, ಬಾಗಿಲು ತೆರೆಯಬಾರದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು ಎಂಬ ಕಾನೂನುಗಳೂ ನನ್ನವೇ. ಬೆನ್ನ ಹಿಂದೆ ಜನ ನನ್ನನ್ನು ಹೆಡ್‌ಮೇಷ್ಟ್ರು ಎನ್ನುತ್ತಿದ್ದರಂತೆ.

ಡ್ರಮ್ಸ್‌ನ ಹಿಂದೆ ಒಂದು ಹಲಗೆ ಬಾಗಿಲು, ಅದರಾಚೆ ಲಾಂಡ್ರಿಯ ಹಳೆಯ ಗ್ಯಾಸ್ ಹೀಟರ್. ಬಾಗಿಲ ಮೇಲೆ ಬೀದಿಯ ಮಟ್ಟಕ್ಕೆ ಅಂಗೈ ಅಗಲದ ಕಿಂಡಿ. ತಂಗಿ ಕಡ್ಡಿಗಳ ಬದಲು ತಂತಿ ಎಳೆಗಳ ಬ್ರಷ್ ಹಿಡಿದು ಪಿಸುಗುಟ್ಟುವ ಹಾಗೆ ನುಡಿಸುವಾಗಲೇ ಆ ಕಿಂಡಿಯಿಂದ ಯಾವುದೋ ದರಿದ್ರ ಮೋಟಾರ್ ಬೈಕು ಒಳಗೆ ನುಗ್ಗುತ್ತಿತ್ತು. ನಾನು ಲಾಂಡ್ರಿಯವನಿಗೆ ಗಂಟು ಬಿದ್ದೆ.

"ಅದು ಹೀಟರಿಗೆ ಗಾಳಿ ಆಡೋಕೆ ಇಟ್ಟಿರೋದು ಸ್ವಾಮಿ. ಮುಚ್ಚೋ ಹಾಗಿಲ್ಲ" ಎಂದ ಅವನು.

"ಭಾನುವಾರ ಹೀಟರ್ ಎಲ್ಲಿ ಉರಿಯತ್ತೆ? ಎರಡು ಗಂಟೆ ಮುಚ್ಚಿದ್ರೆ ನಿಮ್ಮ ಗಂಟೇನು ಹೋಗತ್ತೆ?"

"ನಿಮ್ಮ ಕಾಟ ತಡೆಯೋಕಾಗಲ್ಲ. ಆಮೇಲೆ ತೆಗೆದುಬಿಡಿ ಮತ್ತೆ."

ಗಡಿಯಾರದ ಪೆಟ್ಟಿಗೆಗಳಿಗೆ ಹಾಸುವ ದಪ್ಪ ಉಣ್ಣೆ ನನ್ನ ಅಂಗಡಿಯಲ್ಲಿ ಬೇಕಾದಷ್ಟಿತ್ತು. ಬಡಗಿ ಅಳತೆ ತೆಗೆದು ಕತ್ತರಿಸಿಕೊಟ್ಟ, ನಾನು ಸ್ಟೂಲಿನ ಮೇಲೆ ಹತ್ತಿ ಸಂದು ಬಿಡದ ಹಾಗೆ ತುರುಕಿದೆ. ಬೀದಿ ಮಾಯವಾಯಿತು. ಆ ಸಂಜೆ ತಂಗಿಯ ಬ್ರಷ್‌ನ ಒಂದೊಂದು ಎಳೆ ಡ್ರಮ್ಮಿನ ಚರ್ಮದ ಮೇಲೆ ಸವರುವುದು ನನಗೆ ಬೇರೆ ಬೇರೆಯಾಗಿ ಕೇಳಿಸಿತು. ಮೊದಲ ಕೆಲವು ವಾರ ನೆನಪಿಟ್ಟುಕೊಂಡು ಉಣ್ಣೆ ತೆಗೆದೆ. ಆಮೇಲೆ ಮಾತಿನ ಭರದಲ್ಲಿ ಮರೆತುಹೋಯಿತು. ಮರೆತರೂ ಏನೂ ಆಗಲಿಲ್ಲ. ವಾರದ ದಿನಗಳಲ್ಲಿ ಮೆಟ್ಟಿಲ ತುದಿಯ ಮೇಲಿನ ಬಾಗಿಲು ಬಡಿಯುತ್ತಲೇ ಇರುವುದರಿಂದ ಹೀಟರಿಗೆ ಅದು ಹೇಗೋ ಸಾಲುತ್ತಿತ್ತೆಂದು ಕಾಣುತ್ತದೆ.

ಆಮೇಲೆ ಚಳಿ ಬಂತು. ಆ ವರ್ಷದ ಚಳಿ ಮೂಳೆ ಕೊರೆಯುವಂಥದ್ದು. ಮೇಷ್ಟ್ರ ಬೆರಳು ಸೆಟೆದುಕೊಳ್ಳುವುದನ್ನು ನೋಡಿ ಲಾಂಡ್ರಿಯವನಿಗೆ ಕರುಳು ಚುರುಕ್ ಎಂದಿತು. ಒಂದು ಭಾನುವಾರ ನಾವು ಇಳಿಯುವಷ್ಟರಲ್ಲಿ ನೆಲಮಾಳಿಗೆ ಬೆಚ್ಚಗಿತ್ತು. ಹಲಗೆ ಬಾಗಿಲು ಅರ್ಧ ತೆರೆದಿತ್ತು, ಆಚೆ ನೀಲಿ ಉರಿ. "ನಿಮಗೋಸ್ಕರ ಹಚ್ಚಿದೀನಿ" ಎಂದು ಹಲ್ಲು ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿ ಡ್ರಮ್ಸನ್ನು ಇನ್ನೂ ಎರಡು ಗೇಣು ಹಿಂದಕ್ಕೆ, ಬಾಗಿಲಿಗೆ ಒತ್ತಿಕೊಂಡು ಇಟ್ಟಳು. ಅವನಿಗೆ ಕಿಂಡಿ ನೆನಪಾಗಲಿಲ್ಲ, ನಮಗೂ ಆಗಲಿಲ್ಲ. ಅವನಿಗಾದರೂ ಒಂದು ನೆಪವಿದೆ. ಉಣ್ಣೆ ತುರುಕಿದವನು ಅವನಲ್ಲ.

ಆ ರಾತ್ರಿ ತಂಗಿ ಊಟ ಬೇಡ ಎಂದಳು. "ತಲೆ ಸಿಡೀತಿದೆ ಅಣ್ಣ. ವಾರವೆಲ್ಲ ಬಸ್ಸಿನ ಹೊಗೆ ಕುಡಿದೂ ಕುಡಿದೂ ಹೀಗಾಗಿದೆ." ನನಗೂ ಹಣೆಯಲ್ಲಿ ಒಂದು ಭಾರವಿತ್ತು. ಒಳ್ಳೆಯ ಸಂಗೀತ ಕೇಳಿದ ಮೇಲೆ ಹಾಗಾಗುವುದು ಸಹಜ ಎಂದುಕೊಂಡು ಮಲಗಿದೆ. ಮುಂದಿನ ಭಾನುವಾರ ಮೊದಲ ಸಾಲಿನ ಮುದುಕರೊಬ್ಬರು ಬಾಯಿ ತೆರೆದುಕೊಂಡು ನಿದ್ದೆ ಹೋದರು, ಎಬ್ಬಿಸಿದರೆ ವಾಂತಿ ಮಾಡಿಕೊಂಡರು. ಮಧ್ಯಾಹ್ನ ಏನೋ ತಿಂದಿದ್ದಾರೆ ಎಂದಳು ಅವರ ಮಗಳು. ಬಡಗಿ ವಾದ್ಯ ಹೊತ್ತು ಮೆಟ್ಟಿಲು ಹತ್ತುವಾಗ ಎರಡು ಸಲ ಗೋಡೆ ಹಿಡಿದು ನಿಂತ. "ವಯಸ್ಸಾಯ್ತು ಕಣಯ್ಯ" ಎಂದು ನಾನೇ ರೇಗಿಸಿದೆ. ಎಲ್ಲವೂ ಕಣ್ಣ ಮುಂದೆಯೇ ಇತ್ತು. ನನ್ನ ಗಮನ ಎಲ್ಲಿತ್ತೆಂದರೆ, ಆ ಎರಡು ವಾರದಿಂದ ಅವರ ನುಡಿಸಾಣಿಕೆಯಲ್ಲಿ ಏನೋ ಹೊಸದು ಬಂದಿತ್ತು. ಕೊನೆಕೊನೆಯ ಹಾಡುಗಳು ಸಡಿಲವಾಗಿ, ಆತುರವಿಲ್ಲದೆ ತೇಲುತ್ತಿದ್ದವು. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಬಾಯಿ ಚಪ್ಪರಿಸಿದೆ.

ಮೂರನೇ ಭಾನುವಾರ ಕುರ್ಚಿಗಳು ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಮೇಲಿನ ಬಾಗಿಲಿಗೆ ಕೋಟು, ಕಂಬಳಿ ಒತ್ತಿ ಚಳಿ ಬಾರದ ಹಾಗೆ ಮಾಡಿದ್ದರು. ತಂಗಿ ಬರುವಾಗಲೇ ಮಂಕಾಗಿದ್ದಳು.

"ಇವತ್ತು ಬೇಡ ಅನ್ನಿಸ್ತಿದೆ ಅಣ್ಣ. ಒಂದು ಥರಾ ಆಗ್ತಿದೆ, ಕೆಳಗೆ ಇಳಿಯೋಕೇ ಮನಸ್ಸಿಲ್ಲ."

"ಮೂವತ್ತು ಕುರ್ಚಿಗೆ ಐವತ್ತು ಜನ ಬಂದಿದಾರೆ. ಈಗ ಬೇಡ ಅಂದ್ರೆ?"

"ಸರಿ ಬಿಡು. ನೀನು ಅಲ್ಲೇ ಕೂತಿರ್ತೀಯಲ್ಲ?"

"ನಾನು ಇನ್ನೆಲ್ಲಿಗೆ ಹೋಗ್ಲಿ?" ಎಂದೆ.

ಮೊದಲ ಐದು ಹಾಡು ಎಂದಿನಂತೆ ಹೋದವು. ಆರನೆಯದು ಮೇಷ್ಟ್ರೇ ಕಟ್ಟಿದ ನಿಧಾನದ ಹಾಡು. ತಂಗಿ ಬ್ರಷ್ ಹಿಡಿದಳು. ಶುರುವಿನ ಸುತ್ತು ಅಚ್ಚುಕಟ್ಟಾಗಿ ಬಂತು. ಎರಡನೇ ಸುತ್ತಿನಲ್ಲಿ ನನ್ನ ಕಿವಿ ನಿಮಿರಿತು. ತಂಗಿ ಹಿಂದೆ ಬೀಳುತ್ತಿದ್ದಳು. ಒಂದು ಕೂದಲೆಳೆಯಷ್ಟು. ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳು ಹಿಂದೆ ಬೀಳುವವಳಲ್ಲ. ನಾನು ಹುಬ್ಬು ಗಂಟಿಕ್ಕುವ ಮೊದಲೇ ಬಡಗಿ ಅವಳ ಜೊತೆ ಹಿಂದೆ ಸರಿದ, ಮೇಷ್ಟ್ರು ಇಬ್ಬರಿಗೂ ಜಾಗ ಬಿಟ್ಟರು. ತಪ್ಪು ಸರಿಯಾಗಿಬಿಟ್ಟಿತು. ಅವಳು ಇನ್ನಷ್ಟು ಹಿಂದೆ ಬಿದ್ದಳು, ಅವರೂ ಬಂದರು. ಮೂವರೂ ಒಬ್ಬರನ್ನೊಬ್ಬರು ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಂತಿತ್ತು.

ನನ್ನ ಜೀವಮಾನದಲ್ಲಿ ಅಂಥ ಸಂಗೀತ ಕೇಳಿರಲಿಲ್ಲ. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಕೂತು ಉಸಿರಾಡುವಷ್ಟು ಜಾಗವಿತ್ತು. ಬ್ರಷ್ ಚರ್ಮಕ್ಕೆ ತಾಗುತ್ತದೆಯೋ ಇಲ್ಲವೋ ಎಂಬ ಹಾಗೆ ಬಂದು, ತಾಗಿ, ಹೋಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಸುತ್ತ ನೋಡಿದರೆ ಎಲ್ಲರೂ ಮೈಮರೆತಿದ್ದರು. ಒಬ್ಬಾಕೆ ಗಂಡನ ಹೆಗಲಿಗೆ ತಲೆ ಕೊಟ್ಟಿದ್ದಳು, ಗಂಡನ ತಲೆ ಎದೆಗೆ ಬಾಗಿತ್ತು. ಒಬ್ಬರೂ ಕೆಮ್ಮಲಿಲ್ಲ. ಐವತ್ತು ಜನರ ಅಂಥ ಮೌನವನ್ನು ನಾನು ಇಷ್ಟು ವರ್ಷ ಬೇಡಿಕೊಂಡಿದ್ದೆ.

ಎಷ್ಟು ಹೊತ್ತಾಯಿತು ಎಂದು ಕೈಗಡಿಯಾರ ನೋಡಿದೆ. ಮುಳ್ಳುಗಳು ಕಾಣುತ್ತಿದ್ದವು, ಆದರೆ ಗಂಟೆ ಎಷ್ಟೆಂದು ಗೊತ್ತಾಗಲಿಲ್ಲ. ದೊಡ್ಡ ಮುಳ್ಳು ಯಾವುದು, ಚಿಕ್ಕದು ಯಾವುದು, ಅದರಿಂದ ಏನು ತಿಳಿಯಬೇಕು, ಒಂದೂ ಹೊಳೆಯಲಿಲ್ಲ. ಮೂವತ್ತು ವರ್ಷ ಅದನ್ನೇ ಮಾಡಿಕೊಂಡು ಬಂದವನು ನಾನು. ತಲೆ ಎತ್ತಿದೆ. ತಂಗಿಯ ಬೆನ್ನ ಹಿಂದೆ ಅರ್ಧ ತೆರೆದ ಬಾಗಿಲು, ಒಳಗಿನ ಉರಿ ಈಗ ನೀಲಿಯಾಗಿರಲಿಲ್ಲ, ಕೆಟ್ಟ ಹಳದಿ. ಬಾಗಿಲ ಮೇಲೆ ಕಿಂಡಿ. ಕಿಂಡಿಯಲ್ಲಿ ನನ್ನ ಉಣ್ಣೆ.

ಎಲ್ಲವೂ ಗೊತ್ತಾಯಿತು. ಗಾಳಿ ಸಾಲದ ಹೀಟರ್ ಮೂರು ವಾರದಿಂದ ನಮಗೆ ವಾಸನೆಯಿಲ್ಲದ ವಿಷ ಉಣಿಸುತ್ತಿತ್ತು. ಗೊತ್ತಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಆದರೆ ಗೊತ್ತಾಯಿತು. ಎದ್ದು ನಿಂತೆ. ಕಾಲು ನನ್ನದಲ್ಲವೆಂಬಂತಿದ್ದರೂ ನಿಂತೆ. ತಂಗಿ ನನ್ನ ಕಡೆ ನೋಡಿದಳು. ಅದೇ ಹೊತ್ತಿಗೆ ಮೇಷ್ಟ್ರು ಧಾಟಿಗೆ ಮರಳುವ ಸೂಚನೆಯಾಗಿ ತಲೆ ಆಡಿಸಿದರು, ಅಂದರೆ ಇದು ಕೊನೆಯ ಸುತ್ತು. ಎರಡೋ ಮೂರೋ ನಿಮಿಷ. ಹಿಂದಿನಿಂದ ಯಾರೋ "ಶ್" ಎಂದರು.

ನಾನು ಕೂತೆ.

ಯಾರೋ ಶ್ ಎಂದರೆಂದು ಕೂರಲಿಲ್ಲ. ಕಾನೂನು ಮುರಿಯಬಾರದೆಂದೂ ಅಲ್ಲ. ಆ ಹಾಡಿನ ಕೊನೆ ಹೇಗಿರುತ್ತದೆ ಎಂದು ನನಗೆ ಕೇಳಬೇಕಿತ್ತು. ಇಷ್ಟು ಹೊತ್ತು ತಡೆದವರು ಇನ್ನೊಂದು ಸುತ್ತು ತಡೆಯಲಾರರೆ ಎಂದುಕೊಂಡೆ. ವಿಷಗಾಳಿ ತಲೆಗೇರಿತ್ತು, ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದು ಡಾಕ್ಟರು ಆಮೇಲೆ ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ. ಆದರೆ ಎದ್ದು ನಿಲ್ಲುವಷ್ಟು ಬುದ್ಧಿ ಇದ್ದವನಿಗೆ ನಾಲ್ಕು ಹೆಜ್ಜೆ ನಡೆಯುವಷ್ಟೂ ಇತ್ತು.

ಆ ಸುತ್ತಿನ ಅರ್ಧದಲ್ಲಿ ತಂಗಿಯ ಎಡಗೈಯಿಂದ ಬ್ರಷ್ ಜಾರಿ ನೆಲಕ್ಕೆ ಬಿತ್ತು. ಬಡಗಿ ಒಂದು ಸ್ವರವನ್ನು ಬೇಕೆಂದೇ ಬೀಳಿಸಿ ಅದಕ್ಕೆ ಜೊತೆ ಕೊಟ್ಟ. ಯಾರೋ "ಆಹಾ" ಎಂದು ಉಸುರಿದರು. ಅವಳು ಬಲಗೈಯೊಂದರಲ್ಲೇ ನುಡಿಸಿದಳು. ನಂತರ ಆ ಕೈ ಸಿಂಬಲ್ ತಟ್ಟೆಯ ಮೇಲೆ ಹೋಗಿ ಅಲ್ಲೇ ನಿಂತಿತು, ಹಿಂದೆಯೇ ಅವಳ ಹಣೆ ಡ್ರಮ್ಮಿನ ಮೇಲೆ ಬಂತು, ಇಡೀ ಮೈ ವಾದ್ಯಗಳನ್ನು ತಳ್ಳಿಕೊಂಡು ಪಕ್ಕಕ್ಕೆ ಉರುಳಿತು. ಮೇಷ್ಟ್ರು ಇನ್ನೂ ನುಡಿಸುತ್ತಿದ್ದರು. ಮೊದಲ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ.

ನಾನು ಅರಚಿಕೊಂಡೆ. ಏನೆಂದು ಅರಚಿದೆನೋ ನೆನಪಿಲ್ಲ. ಮೆಟ್ಟಿಲ ಮೇಲಿದ್ದವರು ಕಂಬಳಿ ಕಿತ್ತು ಬಾಗಿಲು ತೆರೆದರು. ನಾನು ಉಣ್ಣೆ ಕಿತ್ತೆಸೆದೆ, ಲಾಂಡ್ರಿಯವನು ತೆವಳಿಕೊಂಡು ಹೋಗಿ ಗ್ಯಾಸ್ ತಿರುಗಿಸಿದ. ಬಡಗಿ ಮತ್ತು ನಾನು ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆವು, ಇಬ್ಬರೂ ಎರಡು ಕಡೆ ಬಿದ್ದೆವು. ಬೀದಿಯಲ್ಲಿ ಜನ ಚಳಿಗೆ ಬಾಯಿ ತೆರೆದು ಸಾಲಾಗಿ ಕೂತರು. ಉಳಿದವರೆಲ್ಲ ಒಬ್ಬೊಬ್ಬರಾಗಿ ಎಚ್ಚೆತ್ತರು. ನನ್ನ ತಂಗಿ ಏಳಲಿಲ್ಲ. ಅವಳ ಕೆನ್ನೆ ಆಗಷ್ಟೇ ಓಡಿ ಬಂದವಳ ಹಾಗೆ ಕೆಂಪಗಿತ್ತು. ಆಂಬುಲೆನ್ಸ್ ಬರುವವರೆಗೆ ನಾನು ಅವಳ ಕೈ ಉಜ್ಜುತ್ತಾ, ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆನಂತೆ. ಬಡಗಿ ಹೇಳಿದ.

ಆರು ದಿನ ಅವಳು ಕಣ್ಣು ಬಿಡಲಿಲ್ಲ. ಏಳನೇ ದಿನ ಬಿಟ್ಟಳು. ಅಮ್ಮನನ್ನು ಗುರುತಿಸಿದಳು, ತನ್ನ ಬಸ್ಸಿನ ನಂಬರು ಹೇಳಿದಳು, ಗಂಜಿ ಸಪ್ಪೆ ಎಂದು ಮುಖ ಕಿವಿಚಿದಳು. ಮನೆಯವರೆಲ್ಲ ಅತ್ತು ನಕ್ಕರು. ಬಾಗಿಲ ಹೊರಗೆ ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡರು. ಜೀವಕ್ಕೆ ಅಪಾಯವಿಲ್ಲ, ಎಡಗೈ ಇಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದು ಹೇಳಲಾರೆ, ಕೆಲವರಿಗೆ ಹೋಗುತ್ತದೆ ಕೆಲವರಿಗೆ ಇಲ್ಲ ಎಂದರು. ಕೊನೆಯ ಕೆಲವು ನಿಮಿಷಗಳಲ್ಲೇ ಹೆಚ್ಚು ಪೆಟ್ಟು ಬಿದ್ದದ್ದು ಎಂದೂ ಹೇಳಿದರು. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದ್ದು.

ಅಮ್ಮನನ್ನು ಮನೆಗೆ ಕಳಿಸಿ ಒಳಗೆ ಬಂದು ಮಂಚದ ಪಕ್ಕ ಕೂತೆ. ಅವಳ ಎಡಗೈ ಹೊದಿಕೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಆ ನಡುಕಕ್ಕೆ ಲಯವಿರಲಿಲ್ಲ. ಕೇಳಿಸಿಕೊಳ್ಳದಿರಲು ನೋಡಿದೆ.

"ನಿನಗೆ ಯಾವಾಗ ಗೊತ್ತಾಯ್ತು ಅಣ್ಣ?" ಎಂದಳು.

"ನೀನು ಬಿದ್ದಾಗ" ಎಂದೆ.

ಅವಳು ಸ್ವಲ್ಪ ಹೊತ್ತು ಚಾವಣಿ ನೋಡಿದಳು. ಸಿಟ್ಟಿನ ಮುಖವಲ್ಲ ಅದು. ಯಾವುದೋ ನಿಲ್ದಾಣದ ಹೆಸರು ನೆನಪಿಸಿಕೊಳ್ಳುವವಳ ಹಾಗಿದ್ದಳು.

"ನನಗೆ ಎರಡನೇ ಸುತ್ತಲ್ಲೇ ಏನೋ ಸರಿ ಇಲ್ಲ ಅನ್ನಿಸ್ತು. ಕೈ ನಾನು ಹೇಳಿದ ಮಾತು ಕೇಳ್ತಿರಲಿಲ್ಲ. ನಿಲ್ಲಿಸೋಣ ಅಂದ್ಕೊಂಡೆ. ಅವರಿಬ್ಬರೂ ನನ್ನ ಜೊತೆಗೇ ಬರ್ತಿದ್ರಲ್ಲ, ನಿಧಾನ ಆಗಿದೀನೋ ಇಲ್ವೋ ಅಂತಾನೇ ತಿಳೀಲಿಲ್ಲ. ಆಮೇಲೆ ನೀನು ಎದ್ದು ನಿಂತೆ. ಸದ್ಯ, ಅಣ್ಣನಿಗೆ ಕೇಳಿಸ್ತು, ಇನ್ನು ಬಂದು ನಿಲ್ಲಿಸ್ತಾನೆ ಅಂದ್ಕೊಂಡೆ."

ನಾನು ಅವಳ ಹೊದಿಕೆಯ ಅಂಚು ಸರಿಮಾಡಿದೆ.

"ನೀನು ಮತ್ತೆ ಕೂತೆ. ನೋಡ್ದೆ ನಾನು. ಕೂತ ಅಂದ್ರೆ ಎಲ್ಲ ಸರಿ ಇದೆ, ನನ್ನ ಕಿವೀನೇ ಕೆಟ್ಟಿದೆ ಅಂತ ಮುಂದುವರಿಸ್ದೆ."

ಹೊರಗೆ ಯಾರೋ ಗಾಲಿ ಮಂಚ ತಳ್ಳಿಕೊಂಡು ಹೋದರು. ಅದರ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಅವಳು ನನ್ನ ಕಡೆ ತಿರುಗಿದಳು.

"ಹೋಗ್ಲಿ, ಚೆನ್ನಾಗಿತ್ತಾ?"

ಸುಳ್ಳು ಹೇಳಬಹುದಿತ್ತು. ಏನು ಚೆನ್ನಾಗಿರತ್ತೆ, ಎಲ್ಲ ಎಡವಟ್ಟು ಎಂದಿದ್ದರೆ ಅವಳಿಗೆ ಕಳೆದುಕೊಂಡದ್ದು ಕಡಿಮೆ ಅನ್ನಿಸುತ್ತಿತ್ತೋ ಏನೋ. ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಐದು ವರ್ಷದವಳಿದ್ದಾಗಿನಿಂದ ಆ ಕಣ್ಣಿಗೆ ನಾನು ತಪ್ಪು ಲೆಕ್ಕ ಹೇಳಿರಲಿಲ್ಲ, ಆ ಭಾನುವಾರದ ಸಂಜೆಯವರೆಗೆ.

"ಚೆನ್ನಾಗಿತ್ತು" ಎಂದೆ. "ತುಂಬಾ ಚೆನ್ನಾಗಿತ್ತು. ಅದಕ್ಕೇ ಕೂತೆ."

ಅವಳು ಎಡಗೈಯನ್ನು ಬಲಗೈಯಿಂದ ಎತ್ತಿ ಹೊದಿಕೆಯ ಒಳಗಿಟ್ಟುಕೊಂಡು, ಗೋಡೆಯ ಕಡೆ ಮಗ್ಗುಲಾದಳು.